ಗಡಿ ಸೀಮೆಯಲ್ಲಿ ನಾಲ್ಕು ವಿಷಯಗಳ ಹುಡುಕಾಟ

ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಮಹಾರಾಷ್ಟ್ರದ ಕಡೆಯಿಂದ ಬರುವವರಿಗೆ ಕರ್ನಾಟಕದ ಮೊದಲ ದೊಡ್ಡ ಊರು ನಿಪ್ಪಾಣಿ. ತಂಬಾಕಿನ ಘಾಟು, ಬೀಡಿ ಕಾರ್ಖಾನೆಗಳು, ಅರ್ಧ ಮರಾಠಿ ಅರ್ಧ ಕನ್ನಡದ ಅಂಗಡಿ ಫಲಕಗಳು. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮರುವಾರ ಇಲ್ಲಿನ ಬಸ್ ನಿಲ್ದಾಣದ ಗದ್ದಲವೇ ಬೇರೆ. ಪ್ಲಾಸ್ಟಿಕ್ ಕವರಿನಲ್ಲಿ ಅಂಕಪಟ್ಟಿ ಹಿಡಿದ ಮಕ್ಕಳು, ಪಕ್ಕದಲ್ಲಿ ಬಿಳಿ ಟೋಪಿಯ ಅಪ್ಪ ಅಥವಾ ತಲೆತುಂಬ ಸೆರಗು ಹೊದ್ದ ಅವ್ವ. ಕಾಲೇಜಿನ ಕಿಟಕಿ ಮುಟ್ಟಿದೊಡನೆ ಎಲ್ಲರದೂ ಒಂದೇ ಪ್ರಶ್ನೆ: "ಸರ್, ನಮ್ಮ ಹುಡುಗಿಗೆ ಯಾವ ಸಬ್ಜೆಕ್ಟ್ ಚಲೋ ಅಕ್ಕೇತ್ರಿ?"

ವಿಜ್ಞಾನಕ್ಕೆ ಹೋಗುವವರಿಗೆ ಈ ಗೊಂದಲ ಕಡಿಮೆ. ಭೌತಶಾಸ್ತ್ರ, ರಸಾಯನಶಾಸ್ತ್ರದ ಜೊತೆ ಗಣಿತವೋ ಜೀವಶಾಸ್ತ್ರವೋ, ಅಥವಾ ಎರಡೂ. ಕಲಾ ವಿಭಾಗದಲ್ಲಿ ಹಾಗಲ್ಲ. ಎರಡು ವರ್ಷದ ಪದವಿಪೂರ್ವ ಶಿಕ್ಷಣದಲ್ಲಿ ಎರಡು ಭಾಷೆ, ನಾಲ್ಕು ಐಚ್ಛಿಕ ವಿಷಯ. ಒಂದೊಂದಕ್ಕೆ 100ರಂತೆ 600 ಅಂಕ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಮನಃಶಾಸ್ತ್ರ, ಶಿಕ್ಷಣಶಾಸ್ತ್ರ, ತರ್ಕಶಾಸ್ತ್ರ, ಐಚ್ಛಿಕ ಕನ್ನಡ ಹೀಗೆ ಪಟ್ಟಿ ಉದ್ದವಿದೆ. ಆದರೆ ಆ ಪಟ್ಟಿ ಇಲಾಖೆಯದು. ಕಾಲೇಜಿನ ಪಟ್ಟಿ ಬಹಳ ಚಿಕ್ಕದು. ಎಷ್ಟೋ ಕಡೆ ಗುಮಾಸ್ತರು ಅರ್ಜಿಯ ಮೇಲೆ ತಾವೇ "ಎಚ್‌ಇಪಿಎಸ್" ಎಂದು ಬರೆದು ಮುಂದಿನವರನ್ನು ಕರೆಯುತ್ತಾರೆ. ಹುಡುಗಿಯ ಎರಡು ವರ್ಷ ನಾಲ್ಕು ಅಕ್ಷರಗಳಲ್ಲಿ ನಿರ್ಧಾರವಾಗಿಬಿಡುತ್ತದೆ.

ನಿಪ್ಪಾಣಿಯಲ್ಲಿ ಈ ಆಯ್ಕೆಗೆ ಇನ್ನೊಂದು ಗಂಟು ಇದೆ. ಊರಿನ ಒಳಗೆ ಕೆಎಲ್ಇ ಸಂಸ್ಥೆಯ ಜಿ.ಐ. ಬಾಗೇವಾಡಿ ಕಾಲೇಜು, ಊರಿಗೆ ಅಂಟಿಕೊಂಡೇ ಇರುವ ಅರ್ಜುನನಗರದಲ್ಲಿ ದೇವಚಂದ ಕಾಲೇಜು. ಮೊದಲನೆಯದು ಕರ್ನಾಟಕ, ಎರಡನೆಯದು ಕೊಲ್ಹಾಪುರ ಜಿಲ್ಲೆಯ ಕಾಗಲ್ ತಾಲ್ಲೂಕು. ಅಲ್ಲಿ ಪಿಯುಸಿ ಇಲ್ಲ, ಮಹಾರಾಷ್ಟ್ರ ಮಂಡಳಿಯ ಹನ್ನೊಂದು–ಹನ್ನೆರಡನೆಯ ತರಗತಿ. ಪದವಿ ಕೊಡುವುದು ಶಿವಾಜಿ ವಿಶ್ವವಿದ್ಯಾಲಯ. ಮರಾಠಿ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿದ ನಿಪ್ಪಾಣಿಯ ಮಗುವಿಗೆ ಪಿಯುಸಿ ಎಂದರೆ ಕನ್ನಡಕ್ಕೋ ಇಂಗ್ಲಿಷಿಗೋ ಹೊರಳಬೇಕು. ಆದ್ದರಿಂದ ಅದು ಗಡಿ ದಾಟುವುದು ಸಹಜವೇ. ಆದರೆ ಕೇವಲ ಅಂಕದ ಆಸೆಗೆ, ಅಥವಾ ಗೆಳತಿ ಹೋದಳೆಂದು, ದಾಟುವವರು ಸ್ವಲ್ಪ ನಿಂತು ಯೋಚಿಸಬೇಕು. ಮುಂದೆ ಕರ್ನಾಟಕದ ಪದವಿ ಕಾಲೇಜಿಗೆ ಮರಳುವಾಗ ಅರ್ಹತಾ ಪತ್ರಕ್ಕಾಗಿ ಅಲೆದಾಟವಿರುತ್ತದೆ. ಸರ್ಕಾರಿ ನೌಕರಿಗೆ ಬೇಕಾದ ಕನ್ನಡ ಆ ಎರಡು ವರ್ಷದಲ್ಲಿ ಕೈಜಾರಿರುತ್ತದೆ.

ಗಮ್ಮತ್ತೆಂದರೆ ಈ ಊರೇ ರಾಜ್ಯಶಾಸ್ತ್ರದ ಒಂದು ಪಾಠ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆ. 1966ರಲ್ಲಿ ಮಹಾಜನ ಆಯೋಗ. ಮರುವರ್ಷ ಅದರ ವರದಿ. ನಿಪ್ಪಾಣಿ ಸೇರಿ 264 ಹಳ್ಳಿ ಪಟ್ಟಣಗಳು ಮಹಾರಾಷ್ಟ್ರಕ್ಕೆ, ಅಲ್ಲಿನ 247 ಇಲ್ಲಿಗೆ ಎಂಬುದು ಶಿಫಾರಸು. ಬೆಳಗಾವಿ ಸಿಗದ ಮಹಾರಾಷ್ಟ್ರ ಅದನ್ನು ಒಪ್ಪಲಿಲ್ಲ, 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. 1981ರಲ್ಲಿ ತಂಬಾಕು ಬೆಳೆಗಾರರು ಶರದ್ ಜೋಶಿಯವರ ನಾಯಕತ್ವದಲ್ಲಿ ಹೆದ್ದಾರಿ ತಡೆದು ಗುಂಡೇಟು ತಿಂದದ್ದೂ ಇಲ್ಲೇ. ಬೀಡಿ ಕಟ್ಟುವ ಹೆಣ್ಣುಮಗಳ ಮನೆಯ ಹುಡುಗಿ ಸಮಾಜಶಾಸ್ತ್ರದ ಪುಸ್ತಕದಲ್ಲಿ 'ಅಸಂಘಟಿತ ವಲಯ' ಎಂಬ ಶಬ್ದ ಓದಿದಾಗ ಅದು ತನ್ನ ಅವ್ವನ ಮಾತೆಂದು ಯಾರಾದರೂ ಹೇಳಿಕೊಟ್ಟರೆ ಸಾಕು, ಆ ವಿಷಯ ಅವಳಿಗೆ ಒಲಿಯುತ್ತದೆ.

ನಿಪ್ಪಾಣಿಯಿಂದ ಪೂರ್ವಕ್ಕೆ ಏರಿಳಿಯುತ್ತ ಬಸ್ಸು ಚಿಕ್ಕೋಡಿಗೆ ಬರುತ್ತದೆ. ಚಿಕ್ಕೋಡಿ ಕಂದಾಯ ಜಿಲ್ಲೆಯಲ್ಲ. ಆದರೆ ಶಾಲೆಯ ಮಟ್ಟಿಗೆ ಜಿಲ್ಲೆಯೇ: ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶದ ಪಟ್ಟಿಯಲ್ಲಿ ಬೆಳಗಾವಿಯಿಂದ ಬೇರೆಯಾಗಿ ತನ್ನದೇ ಸ್ಥಾನ ಪಡೆಯುವ ಶೈಕ್ಷಣಿಕ ಜಿಲ್ಲೆ. ಬಸವಪ್ರಭು ಕೋರೆ ಕಾಲೇಜು ಇರುವುದು ಇಲ್ಲಿಯೇ. ಬಸ್ಸಿಳಿದ ಹಳ್ಳಿಯ ಮಕ್ಕಳ ಗುಂಪು ಅತ್ತ ನಡೆಯುವುದನ್ನು ನೋಡಿದರೆ ಈ ಊರಿನ ದೊಡ್ಡ ವ್ಯಾಪಾರ ವಿದ್ಯೆಯದೇ ಎನ್ನಿಸೀತು.

ಹಿಂದೆ ಹೀಗಿರಲಿಲ್ಲ. ಈ ಸೀಮೆಯ ಹುಡುಗರು ಹೆಚ್ಚಿನ ಓದಿಗೆ ಕೊಲ್ಹಾಪುರದ ರಾಜಾರಾಮ ಕಾಲೇಜಿಗೋ ಪುಣೆಗೋ ಹೋಗಬೇಕಿತ್ತು. 1917ರಲ್ಲಿ ಧಾರವಾಡದ ಕರ್ನಾಟಕ ಕಾಲೇಜು, 1933ರಲ್ಲಿ ಬೆಳಗಾವಿಯ ಲಿಂಗರಾಜ ಕಾಲೇಜು ಬಂದ ಮೇಲೆ ದಾರಿ ದಕ್ಷಿಣಕ್ಕೆ ತಿರುಗಿತು. 2010ರಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವಾಗಿ ಪದವಿಯ ಕಾಗದ ಬೆಳಗಾವಿಯಲ್ಲೇ ಸಿಗುವಂತಾಯಿತು. 2023ರ ಜೂನಿನಿಂದ ರಾಜ್ಯದೊಳಗೆ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿನ ಚಿಂತೆಯೂ ಇಲ್ಲ. ಹೀಗಾಗಿ ತನ್ನೂರಿನಲ್ಲಿ ಭೂಗೋಳ ಇಲ್ಲದಿದ್ದರೆ ಪಕ್ಕದ ತಾಲ್ಲೂಕಿನಲ್ಲಿ ಕೇಳಬಹುದು. ಕೇಳುವವರು ಕಡಿಮೆ, ಅಷ್ಟೇ.

ಕೇಳಬೇಕಾದದ್ದು ಎರಡು ಸಂಗತಿ. ಕಾಲೇಜಿಗೆ ಆ ವಿಷಯ ಮಂಜೂರಾಗಿದೆಯೇ? ಅದನ್ನು ಕಲಿಸಲು ಉಪನ್ಯಾಸಕರು ಇದ್ದಾರೆಯೇ, ಅಥವಾ ಅತಿಥಿ ಉಪನ್ಯಾಸಕರು ಬರುವವರೆಗೆ ಕಾಯಬೇಕೇ? ಮೊದಲ ವರ್ಷ ಹಿಡಿದ ವಿಷಯದಲ್ಲೇ ದ್ವಿತೀಯ ವರ್ಷದ ಪರೀಕ್ಷೆ. ಆಗಸ್ಟಿನಲ್ಲಿ ಪಶ್ಚಾತ್ತಾಪ ಪಟ್ಟರೆ ದಾರಿ ಕಠಿಣ. ಇದನ್ನು ಕೇಳಲು ಸಂಕೋಚಪಡುವ ಪಾಲಕರು ಎತ್ತು ಕೊಳ್ಳುವಾಗ ಹಲ್ಲು ಎಣಿಸದೆ ಬಿಡುವುದಿಲ್ಲ ಎಂಬುದನ್ನು ನೆನಪಿಸಬೇಕಾಗುತ್ತದೆ.

ರಾಯಬಾಗದ ದಾರಿಯಲ್ಲಿ ಎರಡೂ ಬದಿ ಕಬ್ಬು. ಒಂದು ಕಾಲಕ್ಕೆ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿದ್ದ ಊರಿದು. ಶಾಹು ಮಹಾರಾಜರ ಹೆಸರು ಇಲ್ಲಿನ ಹಿರಿಯರ ಬಾಯಲ್ಲಿದೆ. ಇಲ್ಲಿಯ ಮನೆಗಳಲ್ಲಿ ಅರ್ಥಶಾಸ್ತ್ರಕ್ಕೆ ಬೇರೆ ಪೀಠಿಕೆ ಬೇಡ. ಕಟಾವಿನ ಗ್ಯಾಂಗಿಗೆ ಕೊಟ್ಟ ಮುಂಗಡ, ಕಾರ್ಖಾನೆಯ ತೂಕ, ಸಕ್ಕರೆ ಇಳುವರಿ, ಬಾಕಿ ಬಿಲ್ಲು ಊಟದ ಹೊತ್ತಿನ ಮಾತು. 2025ರ ನವೆಂಬರಿನಲ್ಲಿ ನೆರೆಯ ಮೂಡಲಗಿ ತಾಲ್ಲೂಕಿನ ಗುರ್ಲಾಪುರದಲ್ಲಿ ಟನ್ನಿಗೆ 3,500 ರೂಪಾಯಿ ಬೇಕೆಂದು ರೈತರು ರಸ್ತೆಯಲ್ಲಿ ಕುಳಿತರು. ಕೊನೆಗೆ 3,300ಕ್ಕೆ ಮಾತು ನಿಂತಿತು. ಕೇಂದ್ರದ ದರ ಯಾವ ಇಳುವರಿಯ ಮೇಲೆ ನಿಗದಿಯಾಗುತ್ತದೆ, ಕಟಾವು ಮತ್ತು ಸಾಗಣೆ ವೆಚ್ಚ ಯಾರ ತಲೆಗೆ ಎಂಬುದು ಬೇಡಿಕೆ–ಪೂರೈಕೆಯ ರೇಖಾಚಿತ್ರಕ್ಕಿಂತ ರೋಚಕ ಲೆಕ್ಕ. ಲೆಕ್ಕದಲ್ಲಿ ಆಸಕ್ತಿ ಇರುವ ಹುಡುಗ ವಾಣಿಜ್ಯಕ್ಕೂ ಹೋಗಬಹುದು. ಸೌಹಾರ್ದ ಸಹಕಾರಿಗಳು ಹಳ್ಳಿಹಳ್ಳಿಗೆ ಇರುವ ಈ ಭಾಗದಲ್ಲಿ ಲೆಕ್ಕಶಾಸ್ತ್ರ ಬಲ್ಲವನಿಗೆ ಕೆಲಸ ಹತ್ತಿರದಲ್ಲೇ ಇದೆ. ಕಲೆಯನ್ನು ಹೊಗಳುವ ಭರದಲ್ಲಿ ಇದನ್ನು ಮುಚ್ಚಿಡಬೇಕಿಲ್ಲ.

ಹಾರೂಗೇರಿ ದಾಟಿ ಕೃಷ್ಣೆಯ ಸೇತುವೆ ಏರಿದಾಗ ನೆನಪಾಗುವುದು ಭೂಗೋಳ. ದೂಧಗಂಗಾ, ವೇದಗಂಗಾ ನೀರು ಕೂಡಿಕೊಂಡು ಬರುವ ಈ ನದಿ 2019ರ ಆಗಸ್ಟಿನಲ್ಲಿ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ದಂಡೆಯ ಹಳ್ಳಿಗಳನ್ನು ಮುಳುಗಿಸಿತು. ಅದೇ ಅಥಣಿ ತಾಲ್ಲೂಕಿನ ಪೂರ್ವದ ಊರುಗಳು ಮಳೆಗಾಗಿ ಮುಗಿಲು ನೋಡುತ್ತವೆ. ಒಂದೇ ತಾಲ್ಲೂಕಿನಲ್ಲಿ ನೆರೆ ಮತ್ತು ಬರ ಎರಡನ್ನೂ ಕಂಡ ಮಕ್ಕಳಿಗೆ ಈ ವಿಷಯ ಕಾಗದದ ನಕ್ಷೆಯಾಗಿ ಉಳಿಯದು. ಭೂಗೋಳಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಇದೆ. ಮುಂದೆ ಅದರಲ್ಲಿ ಎಂ.ಎ. ಮಾಡಬೇಕೆಂದರೆ ಪದವಿಯಲ್ಲಿ ಓದಿರಬೇಕಾಗುತ್ತದೆ; ಆದ್ದರಿಂದ ಬೀಜ ಇಲ್ಲೇ ಬಿದ್ದರೆ ಒಳ್ಳೆಯದು.

ಅಥಣಿ ಎಂದರೆ ಮುರುಘೇಂದ್ರ ಶಿವಯೋಗಿಗಳ ಊರು. ಜಗತ್ತಿಗೆ ಮಾತ್ರ ಚಪ್ಪಲಿಯ ಊರು. ಕೊಲ್ಹಾಪುರಿ ಎಂಬ ಹೆಸರಿನ ಚಪ್ಪಲಿಯನ್ನು ಇಲ್ಲಿನ ಕುಶಲಕರ್ಮಿಗಳೂ ತಲೆತಲಾಂತರದಿಂದ ಮಾಡುತ್ತ ಬಂದಿದ್ದಾರೆ. 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿ ಸೇರಿ ಕರ್ನಾಟಕದ ನಾಲ್ಕು ಜಿಲ್ಲೆಗಳಿಗೂ ಅದು ಸಂದಿತು. 2025ರ ಜೂನಿನಲ್ಲಿ ಇಟಲಿಯ ಪ್ರಾಡಾ ಕಂಪನಿ ಅಂಥದೇ ಚಪ್ಪಲಿಯನ್ನು ಮಿಲಾನ್ ಪ್ರದರ್ಶನದಲ್ಲಿ ತೋರಿಸಿ, ಗಲಾಟೆಯಾದ ಮೇಲೆ ಮೂಲವನ್ನು ಒಪ್ಪಿಕೊಂಡಿತು. ಜಾತಿ, ಕಸುಬು, ಮಾರುಕಟ್ಟೆ, ಕಾನೂನು ಈ ನಾಲ್ಕೂ ಒಂದು ಜೋಡಿ ಚಪ್ಪಲಿಯಲ್ಲಿವೆ. ಐದು ವರ್ಷದ ಕಾನೂನು ಪದವಿಗೆ ಪಿಯುಸಿ ಕಲೆಯಿಂದಲೇ ಹೋಗಬಹುದು ಎಂಬುದು ಇಲ್ಲಿಯ ಅನೇಕ ಮನೆಗಳಿಗೆ ಇನ್ನೂ ತಿಳಿದಿಲ್ಲ.

ಅಥಣಿಗೆ ಜತ್ತ ತಾಲ್ಲೂಕಿನ ಕನ್ನಡ ಮಕ್ಕಳೂ ಬರುತ್ತಾರೆ. ಅಂದರೆ ನಿಪ್ಪಾಣಿಯಲ್ಲಿ ಮಕ್ಕಳು ಭಾಷೆಗಾಗಿ ಅತ್ತ ದಾಟಿದರೆ ಇಲ್ಲಿ ಇತ್ತ ದಾಟುತ್ತಾರೆ.

"ಆರ್ಟ್ಸ್ ತಗೊಂಡು ಏನ್ ಮಾಡ್ತಿ ತಂಗಿ?" ಎಂದು ಕಾಕಾ ಮಾವಂದಿರು ಕೇಳುವುದು ಐದೂ ಊರುಗಳಲ್ಲಿ ಒಂದೇ ದನಿಯಲ್ಲಿ. ಉತ್ತರ ಇಷ್ಟು. ಪಿಯು ಉಪನ್ಯಾಸಕಿಯಾಗಲು ಆ ವಿಷಯದಲ್ಲೇ ಸ್ನಾತಕೋತ್ತರ ಪದವಿ ಬೇಕು. ಕೇಂದ್ರ ನಾಗರಿಕ ಸೇವಾ ಪರೀಕ್ಷೆಯಲ್ಲಿ ಒಂದು ಐಚ್ಛಿಕ ವಿಷಯದ ಎರಡು ಪತ್ರಿಕೆಗಳಿವೆ, ಕನ್ನಡ ಸಾಹಿತ್ಯವೂ ಅದರಲ್ಲೊಂದು. 2024–25ರಿಂದ ರಾಜ್ಯದಲ್ಲಿ ಮತ್ತೆ ಮೂರು ವರ್ಷದ ಪದವಿ, ಮೂರು ಮುಖ್ಯ ವಿಷಯ. ಪಿಯುಸಿಯ ನಾಲ್ಕರಲ್ಲಿ ಮೂರನ್ನು ಮುಂದುವರಿಸಿ ಒಂದನ್ನು ಬಿಡಬಹುದು. ಆದ್ದರಿಂದ ನಾಲ್ಕರಲ್ಲಿ ಎರಡಾದರೂ ಮಗುವಿಗೆ ಮನಸಾರೆ ಬೇಕಾದವು ಇರಲಿ. ಅಂಕ ಹೆಚ್ಚು ಬೀಳುತ್ತದೆಂಬ ಒಂದೇ ಕಾರಣಕ್ಕೆ ನಾಲ್ಕನ್ನೂ ಆರಿಸುವ ಚಾಳಿ ಈಗ ಎಲ್ಲೆಡೆ ಇದೆ. ಅಂಕ ಬೀಳುತ್ತದೆ, ನಿಜ, ಬಿ.ಎ. ಮೂರನೆಯ ವರ್ಷದಲ್ಲಿ ಯಾವುದು ನನ್ನ ವಿಷಯ ಎಂದು ಕೇಳಿಕೊಳ್ಳುವಾಗ ಉತ್ತರ ಮಾತ್ರ ಸಿಗುವುದಿಲ್ಲ.

ಕೊನೆಯ ನಿಲ್ದಾಣ ಕಾಗವಾಡ. ಹಿಂದೆ ಅಥಣಿ ತಾಲ್ಲೂಕಿನಲ್ಲಿದ್ದು ಈಗ ತಾನೇ ತಾಲ್ಲೂಕು ಕೇಂದ್ರ. ಶಿವಾನಂದ ಕಾಲೇಜು ಇಲ್ಲಿದೆ, ಆದರೆ ಮೀರಜ್, ಸಾಂಗ್ಲಿಗಳ ಸೆಳೆತವೂ ಅಷ್ಟೇ ಇದೆ. ಹತ್ತಿರದ ಶೇಡಬಾಳ 'ನಿಸರ್ಗ' ಕಾದಂಬರಿ ಬರೆದ ಮಿರ್ಜಿ ಅಣ್ಣಾರಾಯರ ಊರು. ಈ ಸೀಮೆಯ ಜೈನ ಒಕ್ಕಲು ಮನೆಗಳ ಮಾತನ್ನು ಕನ್ನಡ ಕಾದಂಬರಿಗೆ ತಂದವರು ಅವರು. ಐಚ್ಛಿಕ ಕನ್ನಡ ಬೇಕೆನ್ನುವ ಹುಡುಗಿ ಇಲ್ಲಿ ಹುಟ್ಟಿದರೆ ಆಶ್ಚರ್ಯವೇನಿಲ್ಲ. ಆದರೆ ಒಬ್ಬಳಿಗಾಗಿ ತರಗತಿ ನಡೆಯುವುದಿಲ್ಲ. ಅವಳೊಡನೆ ಇನ್ನೂ ಹತ್ತು ಹನ್ನೆರಡು ಮಕ್ಕಳು ಬರೆದುಕೊಟ್ಟರೆ ಪ್ರಾಚಾರ್ಯರು ಇಲಾಖೆಗೆ ಬರೆಯಬಹುದು. ಅರ್ಜಿ ಕೊಡುವ ಕಿಟಕಿಯ ಮುಂದೆ ಜೂನ್ ಮೊದಲ ವಾರದಲ್ಲಿ ಆ ಹತ್ತು ಹನ್ನೆರಡು ಮಕ್ಕಳು ಒಬ್ಬರಿಗೊಬ್ಬರು ಗೊತ್ತಿಲ್ಲದೆಯೇ ಒಂದೇ ಸಾಲಿನಲ್ಲಿ ನಿಂತಿರುತ್ತಾರೆ.