ಲಕ್ಷ್ಮೇಶ್ವರದಿಂದ ಅಕ್ಕನಿಗೆ

ಲಕ್ಷ್ಮೇಶ್ವರ
ರಾತ್ರಿ ಹನ್ನೊಂದೂವರೆ

ಪ್ರೀತಿಯ ಅಕ್ಕ,

ಮೊದಲೇ ಹೇಳಿಬಿಡುತ್ತೇನೆ, ನಾನು ಚೆನ್ನಾಗಿದ್ದೇನೆ. ಸಂಜೆ ಮಾತಾಡುತ್ತಿದ್ದಾಗ ಫೋನು ಸತ್ತದ್ದು ಚಾರ್ಜು ಮುಗಿದು. ಮುಂಡರಗಿ ಬಸ್ಸಿಗೆ ಕಾದು ಕಾದು ಕತ್ತಲಾಯಿತು, ಬಸ್ಸು ಬರಲೇ ಇಲ್ಲ. ಈಗ ಇಲ್ಲಿ ಒಬ್ಬರ ಮನೆಯ ಪಡಸಾಲೆಯಲ್ಲಿ ಕೂತು ಬರೆಯುತ್ತಿದ್ದೇನೆ. ಅಮ್ಮನಿಗೆ ಮಾತ್ರ ಲಾಡ್ಜಿನಲ್ಲಿದ್ದಾನೆ ಅಂತಲೇ ಹೇಳು, ಇಲ್ಲದಿದ್ದರೆ ರಾತ್ರಿಯೆಲ್ಲ ನಿದ್ದೆ ಮಾಡುವುದಿಲ್ಲ. ಅವಳ ಬಿ.ಪಿ. ಮಾತ್ರೆ ಗುರುವಾರಕ್ಕೆ ಮುಗಿಯುತ್ತದೆ, ಚೀಟಿ ಟಿ.ವಿ. ಸ್ಟ್ಯಾಂಡಿನ ಕೆಳಗಿದೆ.

ಗದಗದಲ್ಲಿ ವೀರನಾರಾಯಣನ ಗುಡಿ ನೋಡಿದೆ. ಗುಡಿಯ ವಿಷಯ ಬಿಡು, ಪುಸ್ತಕಗಳಲ್ಲಿ ಸಿಗುತ್ತದೆ. ನನಗೆ ಬೇಕಾಗಿದ್ದದ್ದು ಕುಮಾರವ್ಯಾಸನ ಕಂಬ. ಮಿಂದು ಬಂದು, ಒದ್ದೆ ಬಟ್ಟೆಯಲ್ಲೇ ಈ ಕಂಬದ ಬುಡದಲ್ಲಿ ಕೂತು, ಬಟ್ಟೆ ಆರುವವರೆಗೆ ಕವಿ ಪದ್ಯ ಹೇಳುತ್ತಿದ್ದನಂತೆ. ಅಪ್ಪ ಈ ಕಥೆಯನ್ನು ಎಷ್ಟು ಸಲ ಹೇಳಿಲ್ಲ! ಕಂಬ ಮುಟ್ಟಿದಾಗ ನನಗೆ ಕವಿಗಿಂತ ಅಪ್ಪನೇ ಹೆಚ್ಚು ನೆನಪಾದರು. ಕುವೆಂಪು, ಮಾಸ್ತಿ ಸಂಪಾದಿಸಿದ, ಸರ್ಕಾರ ಕಡಿಮೆ ಬೆಲೆಗೆ ಹೊರತಂದ ಕುಮಾರವ್ಯಾಸ ಭಾರತದ ಅಪ್ಪನ ಪ್ರತಿ ನಿನ್ನ ಬೀರುವಿನಲ್ಲೇ ಇದೆ ತಾನೆ? ಒಮ್ಮೆ ತೆಗೆದು ಬಿಸಿಲಿಗಿಡು, ಗೆದ್ದಲು ಹಿಡಿದರೆ ಅಂಥದ್ದು ಮತ್ತೆ ಸಿಗುವುದಿಲ್ಲ.

ನಿನ್ನ ಮಗಳು ಡಬ್ಲಿನ್ನಿನಿಂದ ಹೇಳಿದ್ದೂ ಅಲ್ಲೇ ನೆನಪಾಯಿತು. ಜೇಮ್ಸ್ ಜಾಯ್ಸ್ ತನ್ನ ‘ಯೂಲಿಸಿಸ್’ ಕಾದಂಬರಿಯ ಕಥೆಯನ್ನೆಲ್ಲ 1904ರ ಜೂನ್ 16ರ ಒಂದೇ ದಿನದಲ್ಲಿ ನಡೆಸಿದ್ದಾನಲ್ಲ, ಪ್ರತಿ ವರ್ಷ ಅದೇ ದಿನ ಜನ ಹಳೆಯ ಕಾಲದ ಉಡುಪು ತೊಟ್ಟು, ಕಥೆಯ ಬೀದಿಗಳಲ್ಲೇ ನಡೆದು, ಪುಸ್ತಕವನ್ನು ಗಟ್ಟಿಯಾಗಿ ಓದುತ್ತಾರಂತೆ. ಶುರುವಾದದ್ದು 1954ರಲ್ಲಿ, ಕೆಲವೇ ಲೇಖಕರು ಕುದುರೆ ಗಾಡಿ ಹತ್ತಿ ಹೊರಟದ್ದರಿಂದ. ಕಥಾನಾಯಕನ ಮನೆಯನ್ನು ಕೆಡವಿದರೂ ಅದರ ಬಾಗಿಲನ್ನು ಉಳಿಸಿಟ್ಟಿದ್ದಾರೆ. ಅವನು ನಿಂಬೆ ಸಾಬೂನು ಕೊಳ್ಳುವ ಔಷಧಿ ಅಂಗಡಿ ಇವತ್ತೂ ಇದೆ. ಈಗ ಅಲ್ಲಿ ಔಷಧಿ ಮಾರುವುದಿಲ್ಲ, ಜನ ಸೇರಿ ಜಾಯ್ಸನನ್ನು ಓದುತ್ತಾರೆ. ಅವಳು ತಂದ ಸಾಬೂನನ್ನು ನೀನು ಇನ್ನೂ ಬಿಚ್ಚಿಲ್ಲ, ಗೊತ್ತು ನನಗೆ.

ನಮ್ಮಲ್ಲಿ ಬಾಗಿಲಲ್ಲ, ಕಂಬವೇ ಇದೆ. ಕವಿ ಕೂತಿದ್ದ ಜಾಗವೆಂದು ಊರಿಗೆ ಊರೇ ನಂಬಿದೆ. ಅಷ್ಟಿದ್ದ ಮೇಲೆ ಜಯಂತಿಗೆ ಹಾರ, ಭಾಷಣ ಸಾಕೇ? ವರ್ಷಕ್ಕೆ ಒಂದು ದಿನ ಬೆಳಗಿನಿಂದ ರಾತ್ರಿಯವರೆಗೆ ಆ ಗುಡಿಯ ಅಂಗಳದಲ್ಲಿ ಭಾರತ ಓದಬೇಕು. ಗಮಕಿಗಳಷ್ಟೇ ಅಲ್ಲ, ಬೆಟಗೇರಿಯ ನೇಕಾರರು, ಬಸ್ಸಿನ ಕಂಡಕ್ಟರುಗಳು, ಶಾಲೆ ಮಕ್ಕಳು, ಎಲ್ಲರೂ ಒಂದೊಂದು ಷಟ್ಪದಿ.

ಲಕ್ಷ್ಮೇಶ್ವರ ಈ ವಿಷಯದಲ್ಲಿ ಒಂದು ಹೆಜ್ಜೆ ಮುಂದೆ. ಹಳೆಯ ಪುಲಿಗೆರೆ ಇದೇ. ಇಲ್ಲಿಯ ಕನ್ನಡದಲ್ಲೇ ಬರೆದೆ ಅಂತ ಪಂಪ ತಾನೇ ಹೇಳಿಕೊಂಡಿದ್ದಾನೆ. ಅವನ ಆದಿಪುರಾಣ 941ರದ್ದು. ಬರೆಯಲು ಹಿಡಿದದ್ದು ಅವನ ಭಾರತಕ್ಕೆ ಆರು ತಿಂಗಳು, ಆದಿಪುರಾಣಕ್ಕೆ ಮೂರೇ ತಿಂಗಳು! ಸೋಮೇಶ್ವರ ಗುಡಿಯನ್ನು ಇನ್ಫೋಸಿಸ್ ಪ್ರತಿಷ್ಠಾನ ಜೀರ್ಣೋದ್ಧಾರ ಮಾಡಿಸಿದೆ. ನಂದಿಯ ಮೇಲೆ ಕೂತ ಶಿವಪಾರ್ವತಿಯರನ್ನು ಕಣ್ತುಂಬ ನೋಡಿದೆ. ಆ ಅಂಗಳದಲ್ಲೇ ಪುಲಿಗೆರೆ ಉತ್ಸವದ ಸಂಗೀತ, ನೃತ್ಯ ನಡೆಯುವುದು. ನಾನು ಬಂದದ್ದು ಉತ್ಸವದ ಕಾಲದಲ್ಲಲ್ಲ, ಅದಕ್ಕೇ ನಿಧಾನವಾಗಿ ಕೂರಲು ಸಿಕ್ಕಿತು.

ಆದರೆ ನಿನಗೆ ಹೇಳಲೇಬೇಕಾದದ್ದು ಆಮೇಲಿನದು. ಬಸ್ಸಿನ ದಾರಿ ನೋಡಿ ಸೋತು ಪಕ್ಕದ ಖಾನಾವಳಿಯ ಬೆಂಚಿನ ಮೇಲೆ ಕೂತಿದ್ದೆ. ಒಳಗಿನಿಂದ ಒಬ್ಬಾಕೆ ಬಂದು, “ಬಸ್ ಇನ್ನ ಬರೂದಿಲ್ರೀ ಅಣ್ಣಾರ, ಮದ್ಲ ಊಟ ಮಾಡ್ರಿ” ಅಂದರು. ರೊಟ್ಟಿ ಬಡಿಯುವ ಸದ್ದು ಕೇಳುತ್ತಲೇ ಹಸಿವು ಎದ್ದಿತು. ಕಾವಲಿಯಿಂದ ನೇರ ತಾಟಿಗೆ ಬಂದ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ, ಅದರ ಮೇಲೆ ಗಟ್ಟಿ ಮೊಸರು, ಜೊತೆಗೆ ಹಸಿ ಉಳ್ಳಾಗಡ್ಡಿ, ಮೆಂತ್ಯದ ಎಲೆ. ಸಾಕು ಅಂದಷ್ಟೂ ಇನ್ನೊಂದು ರೊಟ್ಟಿ ಬೀಳುತ್ತಿತ್ತು. ನಮ್ಮ ಮನೆಯಲ್ಲಿ ಮುದ್ದೆ ನುಂಗುವ ನಾನು ರೊಟ್ಟಿಯನ್ನು ಹೀಗೆ ತಿಂದೆ ಅಂದರೆ ಅಮ್ಮ ನಂಬುವುದಿಲ್ಲ.

ಆಕೆಯ ಮಾವ ಮೂಲೆಯಲ್ಲಿ ಅಡಿಕೆ ಕತ್ತರಿಸುತ್ತಾ ಕೂತಿದ್ದರು. ಏನು ಕೆಲಸಕ್ಕೆ ಬಂದಿರಿ ಅಂದರು. ಕುಮಾರವ್ಯಾಸನ ಕಂಬ ನೋಡಲು ಅಂದೆ. ಅಡಕತ್ತರಿ ಕೆಳಗಿಟ್ಟರು. “ಮಳಿ ಹೋತಂದ್ರ ಹನಮಪ್ಪನ ಗುಡ್ಯಾಗ ವಿರಾಟಪರ್ವ ಹಚ್ಚಸ್ತಿದ್ವಿ. ನನಗ ಓದಾಕ ಬರೂದಿಲ್ರೀ, ಕೇಳಿ ಕೇಳಿ ಬಂದದ್ದು” ಅಂತ ಶುರು ಮಾಡಿದರು ನೋಡು, ಉತ್ತರಕುಮಾರ ಹೆಂಗಸರ ಮುಂದೆ ಜಂಬ ಕೊಚ್ಚಿ, ಕೌರವರ ಸೇನೆ ಕಂಡು ರಥದಿಂದ ಧುಮುಕಿ ಓಡುವವರೆಗೂ! ಎಲ್ಲೂ ತಡವರಿಸಲಿಲ್ಲ. ಎಣ್ಣೆಗಾಯಿ ಬಡಿಸುತ್ತಿದ್ದ ಸೊಸೆ ಸೌಟು ಹಿಡಿದೇ ನಿಂತರು, ಊಟಕ್ಕೆ ಬಂದಿದ್ದ ಲಾರಿ ಡ್ರೈವರ್ ನಕ್ಕು ನಕ್ಕು ಕೆಮ್ಮಿದ. ಐನೂರು ವರ್ಷಕ್ಕೂ ಹಿಂದಿನ ಹಾಸ್ಯ, ಅಕ್ಕ, ಖಾನಾವಳಿಯಲ್ಲಿ ಜನ ಅದಕ್ಕೆ ನಗುತ್ತಾರೆ. ಯಾವ ವಸ್ತುಸಂಗ್ರಹಾಲಯದಲ್ಲಿ ಇದನ್ನು ಇಡಲು ಬರುತ್ತದೆ? ಅವರ ಮೊಮ್ಮಕ್ಕಳಿಗೆ ಇದು ಬರುವುದಿಲ್ಲವಂತೆ. ಅದನ್ನು ಕೇಳಿದಾಗಿನಿಂದ ನನಗೆ ಸಮಾಧಾನವಿಲ್ಲ.

ಮಲಗಲು ಜಾಗ ಕೊಟ್ಟದ್ದೂ ಅವರೇ. ದುಡ್ಡಿನ ಮಾತೆತ್ತಿದರೆ ಅಜ್ಜಾರು ಸಿಟ್ಟಾದರು.

ನಾಳೆ ಶಿರಹಟ್ಟಿಯಲ್ಲಿ ಇಳಿದು ಫಕೀರೇಶ್ವರ ಮಠ ನೋಡಿ, ಅಲ್ಲಿಂದ ಮುಂಡರಗಿ. ಬೆಟಗೇರಿಯಲ್ಲಿ ನೀನು ಹೇಳಿದ ಬಣ್ಣದ ಸೀರೆ ಸಿಗಲಿಲ್ಲ. ಹಸಿರು ಇತ್ತು, ಕೆಂಪು ಸೆರಗು, ತೆಗೆದಿಟ್ಟಿರಲು ಹೇಳಿ ಬಂದಿದ್ದೇನೆ, ಬೇಡದಿದ್ದರೆ ಬೇಗ ತಿಳಿಸು. ಗ್ಯಾಸ್ ಬುಕ್ ಆಯಿತೇ? ಬೆಳಗ್ಗೆ ಅಜ್ಜಾರನ್ನು ಕೇಳಿ ಅವರ ವಿರಾಟಪರ್ವವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಬೇಕು. ನಿನ್ನ ಮಗಳಿಗೂ ಕಳಿಸೋಣ, ಆ ಸಾಬೂನಿನ ಅಂಗಡಿಯಲ್ಲಿ ಓದುವವರಿಗೆ ಅವಳು ಕೇಳಿಸಲಿ. ಅಂದಹಾಗೆ ಅಮ್ಮನ ಕನ್ನಡಕದ ಅಳತೆ ಬರೆದ ಕಾಗದ ನನ್ನ ಚೀಲದಲ್ಲೇ ಉಳಿದುಬಿಟ್ಟಿದೆ, ನೀನು ಅಂಗಡಿಯವರಿಗೆ ಹೇಳಿಡು.