ಚಿತ್ರದ ಕಾರ್ಡುಗಳೂ ಅಂಚೆಯ ವೆಚ್ಚವೂ

ಕೂಡಿಡುವುದು ಮಕ್ಕಳ ಸ್ವಭಾವ. ನಮ್ಮ ಬಾಲ್ಯದಲ್ಲಿ ಬೆಂಕಿಪೆಟ್ಟಿಗೆಯ ಚಿತ್ರಗಳನ್ನೂ ಅಂಚೆಚೀಟಿಗಳನ್ನೂ ಕೂಡಿಡುತ್ತಿದ್ದೆವು. ಇಂದಿನ ಮಕ್ಕಳು ಕ್ರಿಕೆಟ್ ಆಟಗಾರರ ಕಾರ್ಡುಗಳನ್ನು ಕೂಡಿಡುತ್ತಾರೆ. ವಸ್ತು ಬದಲಾಗಿದೆ, ಹಂಬಲ ಬದಲಾಗಿಲ್ಲ. ಪೊಟ್ಟಣ ಒಡೆಯುವವರೆಗೆ ಒಳಗೆ ಯಾರಿದ್ದಾರೆಂದು ತಿಳಿಯದು. ಆದುದರಿಂದ ಒಬ್ಬನೇ ಆಟಗಾರ ಐದು ಸಲ ಬಂದು ಕೂಡುತ್ತಾನೆ. ಬೇಕಾದವನು ಬರುವುದೇ ಇಲ್ಲ. ಆಗ ವಿನಿಮಯ ಅನಿವಾರ್ಯ. ಅದು ಒಂದೇ ಓಣಿಯಲ್ಲಿ ನಡೆದರೆ ಖರ್ಚಿಲ್ಲ. ಊರು ದಾಟಿತೆಂದರೆ ಅಂಚೆಯ ಲೆಕ್ಕ ಎದುರು ನಿಲ್ಲುತ್ತದೆ.

ನಾನಿರುವುದು ಸೊಲ್ಲಾಪುರದ ಹೊರಗೆ, ಪುಣೆಯ ಹೆದ್ದಾರಿಯ ಕಡೆಗಿರುವ ಚಿಂಚೋಳಿ ಎಂಐಡಿಸಿಯ ಸಮೀಪದಲ್ಲಿ. ಅಕ್ಕಲಕೋಟೆಯ ಕಡೆಯಿಂದ ದುಡಿಯಲು ಬಂದ ಕುಟುಂಬಗಳು ಇಲ್ಲಿವೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ. ಕೆಲಸವಿದ್ದಲ್ಲಿಗೆ ಸಂಸಾರ ಹೋಗಬೇಕು. ಹಾಗೆ ಒಂದು ಕುಟುಂಬ ವಿಜಯಪುರಕ್ಕೆ ಹೋದಾಗ, ಜೊತೆಯಾಗಿ ಕಾರ್ಡು ಕೂಡಿಸುತ್ತಿದ್ದ ಇಬ್ಬರು ಹುಡುಗರು ಅಗಲಿದರು. ಇಲ್ಲಿ ಉಳಿದವನ ಬಳಿ ಇನ್ನೂರ ನಲವತ್ತು ಹೆಚ್ಚುವರಿ ಕಾರ್ಡುಗಳಿದ್ದವು. ಅವನ ತಂದೆ ದಿನಗೂಲಿಯವರು. “ಕಾರ್ಡಿಗಿಂತ ಕಳಿಸೋ ಖರ್ಚೇ ಜಾಸ್ತಿ ಆದ್ರ ಹ್ಯಾಂಗೋ ತಮ್ಮಾ?” ಎಂದು ಅವರು ಕೇಳಿದ್ದರಲ್ಲಿ ಜಿಪುಣತನವಿರಲಿಲ್ಲ. ಹುಡುಗ ನನ್ನ ಬಳಿಗೆ ಬಂದ. ಕಾರ್ಡು ನಿಂತರೆ ಸ್ನೇಹವೂ ನಿಂತೀತೆಂಬ ಅಂಜಿಕೆ ಅವನ ಮುಖದಲ್ಲಿತ್ತು.

ಇಬ್ಬರೂ ಕೂತು ಲೆಕ್ಕ ಹಾಕಿದೆವು. ಕಿರಾಣಿ ಅಂಗಡಿಯಲ್ಲಿ ತೂಗಿಸಿದಾಗ ನೂರು ಕಾರ್ಡು ಸುಮಾರು 180 ಗ್ರಾಂ ಆದವು. 2025ರಲ್ಲಿ ನೋಂದಾಯಿತ ಅಂಚೆ ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಯಿತು. ಅಕ್ಟೋಬರ್ 1ರಿಂದ ಹೊಸ ದರಗಳು ಬಂದವು. ಅದರಂತೆ ಪರಸ್ಥಳಕ್ಕೆ 50 ಗ್ರಾಮಿನವರೆಗೆ 47 ರೂಪಾಯಿ. 250 ಗ್ರಾಂ ಮೀರಿ 500 ಗ್ರಾಮಿನವರೆಗೆ, 200 ಕಿಲೋಮೀಟರಿನೊಳಗೆ, 70 ರೂಪಾಯಿ. ಇಪ್ಪತ್ನಾಲ್ಕು ಕಾರ್ಡಿನಂತೆ ಹತ್ತು ಲಕೋಟೆ ಕಳಿಸಿದರೆ 470 ರೂಪಾಯಿ. ಅವೇ ಇನ್ನೂರ ನಲವತ್ತನ್ನು ಒಂದೇ ಕಟ್ಟು ಮಾಡಿದರೆ 432 ಗ್ರಾಂ. ಹೊದಿಕೆ ಸೇರಿದರೂ 500ರ ಒಳಗೆ. ವಿಜಯಪುರಕ್ಕೆ 70 ರೂಪಾಯಿ ಸಾಕು. ಶೇಕಡಾ 18ರ ತೆರಿಗೆ ಕೂಡಿದರೆ ಒಂದು ಕಡೆ 554 ರೂಪಾಯಿ 60 ಪೈಸೆ, ಇನ್ನೊಂದು ಕಡೆ 82 ರೂಪಾಯಿ 60 ಪೈಸೆ. ಈ ಅಂತರಕ್ಕೆ ಹುಡುಗನು ಕೊಡಬೇಕಾದ ಬೆಲೆ ತಾಳ್ಮೆಯೊಂದೇ. ಆದರೆ ಇದು ಕಾಗದಪತ್ರಗಳ ದರ. ಕಾರ್ಡಿನ ಕಟ್ಟನ್ನು ಹಾಗೆ ಸ್ವೀಕರಿಸುವರೋ ಪಾರ್ಸೆಲ್ ಎನ್ನುವರೋ ಎಂಬುದನ್ನು ಕಟ್ಟುವ ಮೊದಲೇ ಅಂಚೆಯ ಕಿಟಕಿಯಲ್ಲಿ ಕೇಳಿಕೊಳ್ಳಬೇಕು.

ಇದಕ್ಕೂ ದೊಡ್ಡ ಉಳಿತಾಯ ಕಟ್ಟುವುದಕ್ಕೆ ಮೊದಲೇ ಇದೆ. ಐವತ್ತು ಪೈಸೆಯ ಅಂಚೆ ಕಾರ್ಡಿನಲ್ಲಿ ತನ್ನಲ್ಲಿಲ್ಲದ ಸಂಖ್ಯೆಗಳನ್ನು ಬರೆದು ಕಳಿಸುವುದು! ಗೆಳೆಯನ ಬಳಿ ಆಗಲೇ ಇರುವ ಆಟಗಾರನಿಗೆ ನಾವೇಕೆ ಪ್ರಯಾಣದ ವೆಚ್ಚ ಕೊಡಬೇಕು? ಪಟ್ಟಿ ಹೋಯಿತು, ಪಟ್ಟಿ ಬಂತು. ಇನ್ನೂರ ನಲವತ್ತರಲ್ಲಿ ನೂರಿಪ್ಪತ್ತು ಮಾತ್ರ ಹೊರಟವು. ತೂಕ 216 ಗ್ರಾಂ. ತೆಳುವಾಗಿ ಕಟ್ಟಿದ್ದರಿಂದ ಒಟ್ಟು 250 ಗ್ರಾಂ ಮೀರಲಿಲ್ಲ. ದರವೂ 59 ರೂಪಾಯಿಗೆ ಇಳಿಯಿತು.

ನಡುವೆ ಹುಡುಗನಿಗೆ ಒಂದು ಉಪಾಯ ಹೊಳೆದಿತ್ತು. ಅಂಚೆ ಇಲಾಖೆ 2025ರ ಮೇ 1ರಿಂದ ‘ಜ್ಞಾನ ಪೋಸ್ಟ್’ ಆರಂಭಿಸಿದೆ. ಅದರಲ್ಲಿ 300 ಗ್ರಾಮಿನವರೆಗೆ 20 ರೂಪಾಯಿಯಿಂದ ದರ ಮೊದಲಾಗುತ್ತದೆ. “ಗುರುಗಳೆ, ಹಳೆಯ ಪಾಠಪುಸ್ತಕದ ನಡುವೆ ಕಾರ್ಡು ಇಟ್ಟರೆ?” ಎಂದ. ಆ ಸವಲತ್ತು ವಿದ್ಯೆಗೆ ಸಂಬಂಧಿಸಿದ ಮುದ್ರಿತ ಪುಸ್ತಕಗಳಿಗೆ ಮೀಸಲು. ಸೊಲ್ಲಾಪುರ, ಅಕ್ಕಲಕೋಟೆಗಳು 1956ರ ರಾಜ್ಯ ವಿಂಗಡಣೆಯಲ್ಲಿ ಕರ್ನಾಟಕದ ಆಚೆಗೇ ಉಳಿದವು. ಇಲ್ಲಿಯ ಕನ್ನಡ ಶಾಲೆಗಳಿಗೆ ಗಡಿಯಾಚೆಯಿಂದ ಪುಸ್ತಕ ತರಿಸಲು ಅಂತಹ ದರ ಬೇಕೇ ಬೇಕು. ಅದರ ಮರೆಯಲ್ಲಿ ಕಾರ್ಡು ಸಾಗಿಸುವುದು ಉಳಿತಾಯವಲ್ಲ, ಕಳವು. ಹಾಗೆಂದೆ, ಅವನು ಒಪ್ಪಿದ.

ಹೊದಿಕೆಯಲ್ಲಿ ಮಾತ್ರ ಲೋಭ ಸಲ್ಲದು. ಮೂಲೆ ಮಡಿಸಿದ ಕಾರ್ಡನ್ನು ಯಾವ ಸಂಗ್ರಾಹಕನೂ ಬಯಸುವುದಿಲ್ಲ. ಹಳೆಯ ರಟ್ಟಿನ ಪೆಟ್ಟಿಗೆಯಿಂದ ಕಾರ್ಡಿಗಿಂತ ತುಸು ದೊಡ್ಡದಾದ ಎರಡು ಹಲಗೆ ಕತ್ತರಿಸಿ, ಪ್ಲಾಸ್ಟಿಕ್ ಹಾಳೆ ಸುತ್ತಿ, ನಡುವೆ ಕಾರ್ಡುಗಳನ್ನಿಟ್ಟು ಕಟ್ಟಿದರೆ ಸಾಕು. ರಬ್ಬರ್ ಬಳೆ ಬಿಗಿದರೆ ಅಂಚು ಕಚ್ಚುತ್ತದೆ. ಕಾಗದದ ಪಟ್ಟಿಯೇ ಲೇಸು. ವಿಳಾಸದಲ್ಲಿ ಪಿನ್‌ಕೋಡ್ ಮರೆಯಬಾರದು. ಚಿಂಚೋಳಿ ಎಂಬ ತಾಲ್ಲೂಕು ಕಲಬುರಗಿ ಜಿಲ್ಲೆಯಲ್ಲಿಯೂ ಇದೆ. ಆರು ಅಂಕೆಗಳಿಲ್ಲದಿದ್ದರೆ ಅಲ್ಲಿಂದ ಮರಳಿ ಬರುವ ಕಟ್ಟು ಎರಡು ಜಿಲ್ಲೆ ಸುತ್ತಿ ಬಂದೀತು.

ಹಣವೇ ಬೇಡದ ದಾರಿಯೂ ಉಂಟು. ಸಂಕ್ರಾಂತಿಗೆ ಸೊಲ್ಲಾಪುರದ ಸಿದ್ಧರಾಮೇಶ್ವರನ ಜಾತ್ರೆಗೆ ಗಡಿಯಾಚೆಯ ಬಂಧುಗಳು ಬರುತ್ತಾರೆ. ಅವರ ಚೀಲದಲ್ಲಿ ಒಂದು ಕಟ್ಟಿಗೆ ಎಡೆಯಿರುತ್ತದೆ. ವರ್ಷಕ್ಕೊಮ್ಮೆ ಎಂಬುದೊಂದೇ ಕೊರತೆ.

ಶಿಕ್ಷಕಬಂಧುಗಳಲ್ಲಿ ನನ್ನ ಬಿನ್ನಹ ಇಷ್ಟೆ. ಕಾರ್ಡಿನ ಗೀಳನ್ನು ಕಂಡು ಬೈಯುವ ಮೊದಲು ಆ ಅಂಚೆ ಕಾರ್ಡನ್ನು ನೋಡಿರಿ. ಮೊದಲ ಪಟ್ಟಿಯಲ್ಲಿ ಬರೀ ಅಂಕೆಗಳಿದ್ದವು. ಮೂರನೆಯದರಲ್ಲಿ ಅಂಕೆಗಳು ಒಂದು ಮೂಲೆಗೆ ಸರಿದು, ಹೊಸ ಶಾಲೆ, ಅಜ್ಜಿಯ ಕೆಮ್ಮು, ಬಾರದ ಮಳೆ ಎಲ್ಲವೂ ಕನ್ನಡದಲ್ಲಿ ಕಿಕ್ಕಿರಿದಿದ್ದವು. ಪ್ರಬಂಧ ಬರೆಯೆಂದರೆ ನಾಲ್ಕು ಸಾಲಿಗೆ ಲೇಖನಿ ಇಡುವ ಹುಡುಗ ಅಲ್ಲಿ ಜಾಗ ಸಾಲದೆ ಅಂಚಿನುದ್ದಕ್ಕೂ ಬರೆದಿದ್ದ.