ಸಾರುವೆ ಬಿಚ್ಚಿದ ಮೇಲೆ

2005ರ ಅಕ್ಟೋಬರಿನಲ್ಲಿ ಬೀಜಿಂಗಿನ ಟಿಯಾಂಟಾನಿಗೆ, ಅಂದರೆ ಸ್ವರ್ಗ ಮಂದಿರಕ್ಕೆ, ಮೊದಲ ಸಲ ಹೋದಾಗ ಮುಖ್ಯ ಮಂಟಪಕ್ಕೆ ಸಾರುವೆ ಕಟ್ಟಿದ್ದರು. ಒಲಿಂಪಿಕ್ಸ್‌ಗೆ ಮುಂಚಿನ ದುರಸ್ತಿ. ಆ ಮೂರಂತಸ್ತಿನ ನೀಲಿ ಮಾಡನ್ನು ನೋಡಲೆಂದೇ ಕಂಪನಿ ಕೆಲಸದ ನಡುವೆ ಅರ್ಧ ದಿನ ಹೊಂದಿಸಿಕೊಂಡಿದ್ದೆ. ಟ್ಯಾಕ್ಸಿಯವನಿಗೆ ತೋರಿಸಲು ಹೋಟೆಲಿನವರು ಚೀನಿಯಲ್ಲಿ ಬರೆದುಕೊಟ್ಟ ಚೀಟಿ ಜೇಬಿನಲ್ಲಿತ್ತು. ಊರಿಗೆ ಬಂದು ಫೋಟೊ ತೋರಿಸಿದರೆ, "ಇದೇನ್ರೀ, ಅಪಾರ್ಟ್‌ಮೆಂಟ್ ಕಟ್ತಿದಾರಾ?" ಅಂದಳು ಹೆಂಡತಿ.

2024ರಲ್ಲಿ ಅವಳನ್ನೂ ಕರೆದುಕೊಂಡು ಹೋದೆ. ನೇರ ವಿಮಾನ ಇರಲಿಲ್ಲ, ಹಾಂಗ್‌ಕಾಂಗ್ ಸುತ್ತಿ ಹೋಗಬೇಕಾಯಿತು. ಬೀಜಿಂಗಿನೊಳಗೆ ಮಾತ್ರ ಸಲೀಸು. 2007ರಲ್ಲಿ ಶುರುವಾದ ಐದನೇ ಮೆಟ್ರೊ ಮಾರ್ಗ ಮಂದಿರದ ಪೂರ್ವ ಬಾಗಿಲಿಗೇ ತಂದು ಇಳಿಸುತ್ತದೆ. ಚೀಟಿಯ ಕಾಲ ಮುಗಿದಿತ್ತು. ಎಲ್ಲದಕ್ಕೂ ಪಾಸ್‌ಪೋರ್ಟು, ಮೊಬೈಲು.

ಸಾರುವೆ ಇಲ್ಲದ ಮಂಟಪ ಚೆನ್ನಾಗಿಯೇ ಇದೆ. 38 ಮೀಟರ್ ಎತ್ತರ, 28 ಮರದ ಕಂಬ: ನಡುವಿನ ನಾಲ್ಕು ಋತುಗಳಿಗೆ, ಸುತ್ತಿನ ಹನ್ನೆರಡು ತಿಂಗಳುಗಳಿಗೆ, ಹೊರಗಿನ ಹನ್ನೆರಡು ದಿನದ ಹನ್ನೆರಡು ಜಾವಗಳಿಗೆ. ಆದರೆ ಒಳಗೆ ಬಿಡುವುದಿಲ್ಲ. ಹೊಸ್ತಿಲ ಬಳಿ ನಾಲ್ಕು ಸಾಲು ಜನ, ಎಲ್ಲರ ಕೈಯೂ ಮೇಲೆ. ನಾನು ಕಂಬಗಳನ್ನು ಕಂಡಿದ್ದು ಮುಂದಿನವನ ಮೊಬೈಲ್ ಪರದೆಯಲ್ಲಿ. ಇನ್ನೊಂದು ವಿಷಯ ಆಮೇಲೆ ಗೊತ್ತಾಯಿತು. ಯೋಂಗ್ಲೆ ಚಕ್ರವರ್ತಿಯ ಕಾಲದಲ್ಲಿ, 1420ರಲ್ಲಿ ಮುಗಿದ ಕಟ್ಟಡ ಇದಲ್ಲ. ಈ ಜಾಗದಲ್ಲಿದ್ದ ಮಂಟಪ 1889ರಲ್ಲಿ ಸಿಡಿಲಿಗೆ ಸುಟ್ಟುಹೋಗಿ, ಈಗಿನದು 1896ಕ್ಕೆ ಎದ್ದಿದ್ದು. ಆರುನೂರು ವರ್ಷದ ಹಳೆಯದು ಕೈತಪ್ಪಿತು ಎಂದು ಅಷ್ಟು ವರ್ಷ ಹೊಟ್ಟೆ ಉರಿಸಿಕೊಂಡಿದ್ದು ದಂಡ.

ದಕ್ಷಿಣದ ವೃತ್ತಾಕಾರದ ಕಲ್ಲು ವೇದಿಕೆ ಎರಡು ಸಲವೂ ತೆರೆದೇ ಇತ್ತು. ನಡುಗಲ್ಲಿನ ಸುತ್ತ ಮೊದಲ ಸುತ್ತಿಗೆ ಒಂಬತ್ತು ಚಪ್ಪಡಿ, ಎರಡನೆಯದಕ್ಕೆ ಹದಿನೆಂಟು, ಒಂಬತ್ತನೆಯದಕ್ಕೆ ಎಂಬತ್ತೊಂದು. ಚಳಿಗಾಲದ ಅತಿ ಕಿರಿಯ ಹಗಲಿನ ದಿನ ಚಕ್ರವರ್ತಿ ಉಪವಾಸವಿದ್ದು ಬಂದು ಇಲ್ಲಿ ಆಕಾಶಕ್ಕೆ ಬಲಿ ಅರ್ಪಿಸುತ್ತಿದ್ದ. ಜನಸಾಮಾನ್ಯರು ಆ ಮೆರವಣಿಗೆಯನ್ನು ಕಣ್ಣೆತ್ತಿ ನೋಡುವಂತಿರಲಿಲ್ಲ. 1900ರಲ್ಲಿ ಬಾಕ್ಸರ್ ದಂಗೆ ಅಡಗಿಸಲು ಬಂದ ಬ್ರಿಟಿಷರು ಇಲ್ಲೇ ಬೀಡುಬಿಟ್ಟರು. ಅವರ ದಂಡಿನಲ್ಲಿ ನಮ್ಮವರೂ ಇದ್ದರು. ಆಗ ಇಲ್ಲಿಂದ ಹೋದ ಗಂಟೆಯೊಂದು ಭಾರತದ ಸೇನೆಯ ಮೆಸ್ಸೊಂದರಲ್ಲಿ ಉಳಿದುಕೊಂಡಿತ್ತು. 1995ರಲ್ಲಿ ಸೇನೆಯೇ ಅದನ್ನು ವಾಪಸು ಕೊಟ್ಟಿತು. ನನ್ನ ಮೊದಲ ಪ್ರವಾಸಕ್ಕೆ ಹತ್ತು ವರ್ಷ ಮೊದಲಿನ ಮಾತು. ಆಗ ಇದು ಗೊತ್ತೇ ಇರಲಿಲ್ಲ. 1918ರಲ್ಲಿ ಮಂದಿರ ಪಾರ್ಕಾಯಿತು. ಈಗ ಆ ನಡುಗಲ್ಲಿನ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳಲು ಕ್ಯೂ.

ಪ್ರತಿಧ್ವನಿಯ ಗೋಡೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದು ತುದಿಯಲ್ಲಿ ಪಿಸುಗುಟ್ಟಿದ್ದು ಇನ್ನೊಂದು ತುದಿಗೆ ಕೇಳಿಸುತ್ತದಂತೆ. ಎರಡು ಸಲವೂ ಎಲ್ಲರೂ ಕಿರುಚುತ್ತಿದ್ದರು.

ಅಂದು ಮಂಟಪ ತಪ್ಪಿದ ಬೇಜಾರಿನಲ್ಲಿ ಕೂತಿದ್ದು ಉದ್ದನೆಯ ಕೈಸಾಲೆಯಲ್ಲಿ. 72 ಅಂಕಣದ ಈ ಸಾಲನ್ನು ಕಟ್ಟಿದ್ದು ಬಲಿಪ್ರಾಣಿಯನ್ನೂ ನೈವೇದ್ಯವನ್ನೂ ಮಳೆ ಹಿಮ ತಾಗದಂತೆ ಒಯ್ಯಲು. ಅಲ್ಲಿ ಆಗ ನಿವೃತ್ತರು ಇಸ್ಪೀಟಾಡುತ್ತಿದ್ದರು. ಎಲೆಯನ್ನು ಇಡುತ್ತಿರಲಿಲ್ಲ, ಬಡಿಯುತ್ತಿದ್ದರು. ಒಬ್ಬರ ಪಕ್ಕದಲ್ಲಿ ಹಳೆಯ ಜಾಮ್ ಬಾಟಲಿ, ಅರ್ಧ ಚಹಾ ಎಲೆ, ಅರ್ಧ ಬಿಸಿನೀರು. ಕೈ ಸುಡದಿರಲೆಂದು ಅದಕ್ಕೊಂದು ಹೆಣೆದ ಉಣ್ಣೆಯ ಅಂಗಿ. ಈ ಸಲ ಬಾಟಲಿ ಸ್ಟೀಲಿನದಾಗಿತ್ತು. ಬಡಿತ ಅದೇ.

ಕೈಸಾಲೆಯ ಪಕ್ಕದ ಏಳು ನಕ್ಷತ್ರದ ಕಲ್ಲುಗಳ ಹತ್ತಿರ (ಎಣಿಸಿದರೆ ಎಂಟಿವೆ) ಹೊಸದೊಂದು ಸಂತೆ ಕಂಡಿತು. ವಯಸ್ಸಾದ ತಂದೆತಾಯಂದಿರು ಪ್ಲಾಸ್ಟಿಕ್ ಹೊದಿಸಿದ ಹಾಳೆ ನೆಲಕ್ಕೆ ಹಾಸಿ ಕೂತಿದ್ದರು. ಹುಟ್ಟಿದ ವರ್ಷ, ಎತ್ತರ, ಓದು, ಸಂಬಳ, ಬೀಜಿಂಗಿನ ಖಾಯಂ ನಿವಾಸಿಯೋ ಅಲ್ಲವೋ, ಸ್ವಂತ ಮನೆ ಇದೆಯೋ. ಮಕ್ಕಳು ಒಬ್ಬರೂ ಅಲ್ಲಿರಲಿಲ್ಲ. "ಜಾತಕ ಒಂದು ಬಿಟ್ಟು ಎಲ್ಲಾ ಇದೆ," ಅಂದಳು ಹೆಂಡತಿ. ಒಬ್ಬ ಹೆಂಗಸು ಮೊಬೈಲಿಗೆ ಏನೋ ಹೇಳಿ ನಮ್ಮ ಮುಂದೆ ಹಿಡಿದಳು. ಇಂಗ್ಲಿಷಿನಲ್ಲಿ ಪ್ರಶ್ನೆ ಬಂತು: ನಿಮಗೆ ಮಗ ಇದ್ದಾನೆಯೇ? ಇದ್ದಾನೆ, ಮದುವೆಯಾಗಿದೆ ಎಂದೆ. ಅನುವಾದ ಮುಗಿಯುವವರೆಗೆ ಕಾದು, ತಲೆಯಾಡಿಸಿ, ನಮ್ಮ ಹಿಂದಿದ್ದವರ ಕಡೆ ಹೋದಳು.